ಸೌರಫಲಕದ ಗರಿಷ್ಠ ಬಿಂದು: ಒಂದು ಪ್ರಸಿದ್ಧ ಪ್ರಬಂಧದ ಮರುಪರಿಶೀಲನೆ

ಸೌರ ವಿದ್ಯುತ್ತನ್ನು ಕುರಿತ ಪಠ್ಯಪುಸ್ತಕಗಳಲ್ಲಿ, ಎಂಜಿನಿಯರಿಂಗ್ ವಿದ್ಯಾರ್ಥಿಗಳ ಪ್ರಾಜೆಕ್ಟ್ ವರದಿಗಳಲ್ಲಿ ಒಂದು ಮಾತು ಮತ್ತೆ ಮತ್ತೆ ಬರುತ್ತದೆ. ಫಲಕದಿಂದ ಗರಿಷ್ಠ ವಿದ್ಯುತ್ ಪಡೆಯಲು ಎರಡು ಜನಪ್ರಿಯ ವಿಧಾನಗಳಿವೆ. ಮೊದಲನೆಯದು ಸರಳ, ಆದರೆ ಮೋಡಗಳು ಹಾದುಹೋಗುವಾಗ ದಾರಿ ತಪ್ಪುತ್ತದೆ. ಎರಡನೆಯದು ಕೊಂಚ ಜಟಿಲ, ಆದರೆ ದಾರಿ ತಪ್ಪುವುದಿಲ್ಲ ಎಂಬುದೇ ಆ ಮಾತು. ಇದರ ಮೂಲವನ್ನು ಹುಡುಕಿಕೊಂಡು ಹೋದರೆ ಸಾಮಾನ್ಯವಾಗಿ ನಾವು ತಲುಪುವುದು 1995ರ ಜನವರಿಯಲ್ಲಿ ಬ್ರಿಟನ್ನಿನ ಇನ್‌ಸ್ಟಿಟ್ಯೂಷನ್ ಆಫ್ ಎಲೆಕ್ಟ್ರಿಕಲ್ ಎಂಜಿನಿಯರ್ಸ್ ಸಂಸ್ಥೆಯ ನಡಾವಳಿಯಲ್ಲಿ ಪ್ರಕಟವಾದ ಒಂದು ಪ್ರಬಂಧವನ್ನು. ಹುಸೇನ್, ಮುಟಾ, ಹೊಶಿನೊ ಮತ್ತು ಒಸಕಾಡ ಎಂಬ ನಾಲ್ವರು ಬರೆದ ಈ ಪ್ರಬಂಧದ ಶೀರ್ಷಿಕೆಯಲ್ಲೇ, ವೇಗವಾಗಿ ಬದಲಾಗುವ ಹವೆಗೆ ತಕ್ಕ ಕ್ರಮವಿಧಿ ಇದು ಎಂಬ ಭರವಸೆ ಇದೆ. ಕ್ರಮವಿಧಿ ಎಂದರೆ ಗಣಕದವರು ಅಲ್ಗಾರಿದಮ್ ಎನ್ನುವ, ಹಂತ ಹಂತವಾಗಿ ಅನುಸರಿಸಬೇಕಾದ ನಿಯಮಗಳ ಸರಣಿ.

ಪ್ರಬಂಧ ಬಂದು ಮೂವತ್ತು ವರ್ಷಗಳು ಕಳೆದಿವೆ. ಈ ಕ್ಷೇತ್ರದಲ್ಲಿ ಅತಿ ಹೆಚ್ಚಾಗಿ ಉಲ್ಲೇಖಗೊಳ್ಳುವ ಬರಹಗಳಲ್ಲಿ ಅದೂ ಒಂದು. ಅದರ ಭರವಸೆ ಎಷ್ಟರ ಮಟ್ಟಿಗೆ ನಿಜ ಎಂದು ನೋಡುವುದು ಈ ಲೇಖನದ ಉದ್ದೇಶ. ಇದಕ್ಕೆ ದೊಡ್ಡ ಪ್ರಯೋಗಾಲಯ ಬೇಕಿಲ್ಲ. ಒಂದು ಪೆನ್ಸಿಲು, ಒಂದು ಹಾಳೆ, ಗುಣಾಕಾರ ಭಾಗಾಕಾರಗಳಷ್ಟು ಗಣಿತ ಸಾಕು. ಓದುಗರು ಜೊತೆಯಲ್ಲೇ ಲೆಕ್ಕ ಮಾಡುತ್ತ ಬರಬೇಕೆಂದು ಕೋರಿಕೆ.

ಫಲಕದ ಸ್ವಭಾವ

ಸೌರಫಲಕ ಬ್ಯಾಟರಿಯಂಥದ್ದಲ್ಲ. ಬ್ಯಾಟರಿಯ ವೋಲ್ಟೇಜು ಹೆಚ್ಚುಕಡಿಮೆ ಸ್ಥಿರ. ಫಲಕದ ವೋಲ್ಟೇಜನ್ನಾದರೋ ಅದಕ್ಕೆ ಜೋಡಿಸಿದ ಹೊರೆ ನಿರ್ಧರಿಸುತ್ತದೆ. ಫಲಕದ ಎರಡು ತುದಿಗಳನ್ನು ನೇರವಾಗಿ ಕೂಡಿಸಿದರೆ ವಿದ್ಯುತ್ ಪ್ರವಾಹ ಗರಿಷ್ಠ, ಆದರೆ ವೋಲ್ಟೇಜು ಶೂನ್ಯ. ತುದಿಗಳನ್ನು ಹಾಗೆಯೇ ಬಿಟ್ಟರೆ ವೋಲ್ಟೇಜು ಗರಿಷ್ಠ, ಪ್ರವಾಹ ಶೂನ್ಯ. ಸಾಮರ್ಥ್ಯ ಎಂಬುದು ಇವೆರಡರ ಗುಣಲಬ್ಧವಾದ್ದರಿಂದ ಎರಡು ಸಂದರ್ಭಗಳಲ್ಲೂ ನಮಗೆ ದಕ್ಕುವುದು ಸೊನ್ನೆ. ನಡುವೆ ಎಲ್ಲೋ ಒಂದು ಕಡೆ ಗುಣಲಬ್ಧ ಅತ್ಯಧಿಕವಾಗುತ್ತದೆ. ಅದೇ ಗರಿಷ್ಠ ಸಾಮರ್ಥ್ಯ ಬಿಂದು. ವೋಲ್ಟೇಜನ್ನು ಅಡ್ಡಕ್ಕೂ ಸಾಮರ್ಥ್ಯವನ್ನು ಉದ್ದಕ್ಕೂ ಇಟ್ಟು ನಕ್ಷೆ ಬರೆದರೆ ಒಂದು ಗುಡ್ಡದ ಆಕಾರ ಬರುತ್ತದೆ. ಈ ಬಿಂದು ಅದರ ನೆತ್ತಿ.

ಈ ನೆತ್ತಿ ಒಂದೇ ಕಡೆ ನಿಲ್ಲುವುದಿಲ್ಲ. ಅದನ್ನು ಕದಲಿಸುವ ಕಾರಣಗಳು ಎರಡು: ಬೆಳಕು ಮತ್ತು ಉಷ್ಣತೆ. ಅವೆರಡರ ಪರಿಣಾಮ ಒಂದೇ ತೆರನಲ್ಲ ಎಂಬುದನ್ನು ಇಲ್ಲಿ ಗಮನಿಸಬೇಕು. ಬೆಳಕು ಅರ್ಧಕ್ಕಿಳಿದರೆ ಪ್ರವಾಹವೂ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ಆದರೆ ನೆತ್ತಿಯ ವೋಲ್ಟೇಜು ಅಷ್ಟಾಗಿ ಬದಲಾಗುವುದಿಲ್ಲ. ಅದು ಬೆಳಕಿನ ಲಾಗರಿತಮ್‌ಗೆ ಅನುಗುಣವಾಗಿ ಮಾತ್ರ ಇಳಿಯುತ್ತದೆ. 36 ಸಿಲಿಕಾನ್ ಕೋಶಗಳಿರುವ, 17 ವೋಲ್ಟಿನ ಸುಮಾರಿನಲ್ಲಿ ಕೆಲಸ ಮಾಡುವ ಸಾಧಾರಣ ಫಲಕದಲ್ಲಿ ಈ ಇಳಿತ ಮುಕ್ಕಾಲು ವೋಲ್ಟಿನ ಆಸುಪಾಸಿನದು, ಅಷ್ಟೆ. ಉಷ್ಣತೆ ಇದಕ್ಕೆ ವಿರುದ್ಧ. ಕೋಶ ಒಂದು ಡಿಗ್ರಿ ಸೆಲ್ಸಿಯಸ್ ಬಿಸಿಯಾದರೆ ಅದರ ವೋಲ್ಟೇಜು ಸುಮಾರು 2 ಮಿಲಿವೋಲ್ಟ್ ಕುಸಿಯುತ್ತದೆ. ಫಲಕ 25 ಡಿಗ್ರಿಯಿಂದ 60 ಡಿಗ್ರಿಗೆ ಏರಿದರೆ 36 ಕೋಶಗಳಿಂದ ಒಟ್ಟು ಎರಡೂವರೆ ವೋಲ್ಟ್ ಹೋಯಿತೆಂದೇ ಲೆಕ್ಕ. ಆದರೆ ಗಾಜು, ಚೌಕಟ್ಟು ಎಲ್ಲವೂ ಬಿಸಿಯಾಗಲು, ತಣಿಯಲು ನಿಮಿಷಗಳೇ ಬೇಕು. ಬೆಳಕು ಬದಲಾಗಲು ಕೆಲವು ಸೆಕೆಂಡುಗಳು ಸಾಕು.

ಅಂದರೆ, ಮೋಡ ಹಾಯುವ ಆ ಕೆಲವು ಸೆಕೆಂಡುಗಳಲ್ಲಿ ಗುಡ್ಡದ ಎತ್ತರ ಭಾರಿಯಾಗಿ ಏರಿಳಿಯುತ್ತದೆ, ಆದರೆ ನೆತ್ತಿಯ ಜಾಗ ಹೆಚ್ಚೇನೂ ಸರಿಯುವುದಿಲ್ಲ. ಆಗ ನಿಯಂತ್ರಕ ಸುಮ್ಮನೆ ಇದ್ದಲ್ಲೇ ಇದ್ದರೂ ದೊಡ್ಡ ನಷ್ಟವಿಲ್ಲ. ತೊಂದರೆ ಬರುವುದು ಅದು ಸುಮ್ಮನಿರದೆ ತಪ್ಪು ದಿಕ್ಕಿಗೆ ನಡೆದಾಗ.

ಕದಲಿಸಿ ನೋಡುವ ವಿಧಾನ

ಫಲಕಕ್ಕೂ ಹೊರೆಗೂ ನಡುವೆ ಒಂದು ಎಲೆಕ್ಟ್ರಾನಿಕ್ ಪರಿವರ್ತಕವನ್ನು ಇಟ್ಟು, ಫಲಕದ ವೋಲ್ಟೇಜನ್ನು ಬೇಕಾದಲ್ಲಿ ನಿಲ್ಲಿಸುತ್ತಾರೆ. ಇನ್ವರ್ಟರು, ಚಾರ್ಜ್ ಕಂಟ್ರೋಲರು, ಸೌರಪಂಪಿನ ನಿಯಂತ್ರಕ ಪೆಟ್ಟಿಗೆಗಳ ಮೇಲೆ 'ಎಂಪಿಪಿಟಿ' ಎಂದು ಬರೆದಿರುವುದನ್ನು ನೀವು ನೋಡಿರಬಹುದು. ಗರಿಷ್ಠ ಬಿಂದುವನ್ನು ಬೆನ್ನಟ್ಟುವ ವ್ಯವಸ್ಥೆ ಒಳಗಿದೆ ಎಂದು ಅದರ ಅರ್ಥ.

ಬೆನ್ನಟ್ಟುವ ಅತ್ಯಂತ ಸರಳ ಕ್ರಮ ಕದಲಿಸಿ ನೋಡುವುದು. ಕಣ್ಣು ಕಟ್ಟಿಕೊಂಡು ಗುಡ್ಡ ಹತ್ತುವವನನ್ನು ಕಲ್ಪಿಸಿಕೊಳ್ಳಿ. ಒಂದು ಹೆಜ್ಜೆ ಇಡುತ್ತಾನೆ. ಎತ್ತರ ಹೆಚ್ಚಿದರೆ ಅದೇ ದಿಕ್ಕಿಗೆ ಮತ್ತೊಂದು ಹೆಜ್ಜೆ, ಕಡಿಮೆಯಾದರೆ ಹಿಂದಕ್ಕೆ. ನಿಯಂತ್ರಕ ಮಾಡುವುದೂ ಇದನ್ನೇ. ವೋಲ್ಟೇಜನ್ನು ಚೂರು ಬದಲಿಸಿ ಸಾಮರ್ಥ್ಯ ಏರಿತೇ ಇಳಿಯಿತೇ ಎಂದು ನೋಡುತ್ತದೆ. ಆದರೆ ಅವನು ಹೆಜ್ಜೆ ಇಡುವ ಹೊತ್ತಿಗೆ ಗುಡ್ಡವೇ ಮೇಲೇಳುತ್ತಿದ್ದರೆ? ಕೆಳಗಿಳಿಯುವ ಹೆಜ್ಜೆಯೂ ಅವನಿಗೆ ಏರಿದಂತೆಯೇ ತೋರುತ್ತದೆ. ಸೂರ್ಯ ಮೋಡದಿಂದ ಹೊರಬರುವಾಗ ಆಗುವುದು ಹೀಗೆಯೇ. 1995ರ ಪ್ರಬಂಧ ಬೆರಳಿಟ್ಟು ತೋರಿಸಿದ ದೋಷ ಇದು, ಮತ್ತು ಆ ದೋಷ ನಿಜವಾದದ್ದೇ.

ಪ್ರಬಂಧ ಸೂಚಿಸಿದ ದಾರಿ

ಹುಸೇನ್ ಮತ್ತು ಸಂಗಡಿಗರ ಸೂಚನೆ ಹೀಗಿದೆ. ಗುಡ್ಡದ ನೆತ್ತಿಯಲ್ಲಿ ಇಳಿಜಾರು ಶೂನ್ಯ. ಇದನ್ನು ಪ್ರವಾಹ, ವೋಲ್ಟೇಜುಗಳ ಭಾಷೆಯಲ್ಲಿ ಬರೆದರೆ ಒಂದು ಸುಂದರ ನಿಬಂಧನೆ ಸಿಗುತ್ತದೆ. ಪ್ರವಾಹದಲ್ಲಾದ ಬದಲಾವಣೆಯನ್ನು ವೋಲ್ಟೇಜಿನಲ್ಲಾದ ಬದಲಾವಣೆಯಿಂದ ಭಾಗಿಸಿದಾಗ ಬರುವ ಸಂಖ್ಯೆ, ಪ್ರವಾಹವನ್ನು ವೋಲ್ಟೇಜಿನಿಂದ ಭಾಗಿಸಿ ಋಣಚಿಹ್ನೆ ಹಚ್ಚಿದ ಸಂಖ್ಯೆಗೆ ಸಮನಾಗಿರಬೇಕು. ಮೊದಲನೆಯ ಸಂಖ್ಯೆ ದೊಡ್ಡದಾಗಿದ್ದರೆ ನಾವು ನೆತ್ತಿಯ ಎಡಕ್ಕಿದ್ದೇವೆ, ವೋಲ್ಟೇಜು ಏರಿಸಬೇಕು. ಚಿಕ್ಕದಾಗಿದ್ದರೆ ಬಲಕ್ಕಿದ್ದೇವೆ, ಇಳಿಸಬೇಕು. ಪ್ರವಾಹವನ್ನು ವೋಲ್ಟೇಜಿನಿಂದ ಭಾಗಿಸಿದರೆ ಬರುವುದು ವಾಹಕತ್ವ. ಆದ್ದರಿಂದಲೇ ಇದಕ್ಕೆ ಇಂಕ್ರಿಮೆಂಟಲ್ ಕಂಡಕ್ಟೆನ್ಸ್ ಎಂಬ ಹೆಸರು. ನಾವು ವಾಹಕತ್ವ ವಿಧಾನ ಎನ್ನೋಣ.

ಇದು ಕದಲಿಸಿ ನೋಡುವ ವಿಧಾನಕ್ಕಿಂತ ಗಂಭೀರವಾಗಿ ಕಾಣುತ್ತದೆ ಎಂಬುದರಲ್ಲಿ ಸಂಶಯವಿಲ್ಲ. ಒಂದು ಬರಿಯ ಊಹೆ, ಇನ್ನೊಂದು ಕಲನಶಾಸ್ತ್ರದ ಆಧಾರವಿರುವ ನಿಬಂಧನೆ ಎಂಬ ಭಾವನೆ ಹುಟ್ಟುತ್ತದೆ. ಇಲ್ಲಿಯೇ ನಾವು ಎಚ್ಚರ ವಹಿಸಬೇಕು.

ಒಂದು ಲೆಕ್ಕ

ಒಂದು ಫಲಕ ನೆತ್ತಿಯಲ್ಲಿ, 17.0 ವೋಲ್ಟ್, 4.00 ಆಂಪಿಯರ್‌ನಲ್ಲಿ ಕೆಲಸ ಮಾಡುತ್ತಿದೆ ಎಂದುಕೊಳ್ಳಿ. ಸಾಮರ್ಥ್ಯ 68.00 ವಾಟ್. ನಿಯಂತ್ರಕ ವೋಲ್ಟೇಜನ್ನು 17.2ಕ್ಕೆ ಏರಿಸುತ್ತದೆ. ಬೆಳಕು ಬದಲಾಗದಿದ್ದರೆ ಪ್ರವಾಹ 3.94 ಆಂಪಿಯರ್‌ಗೆ ಇಳಿಯುತ್ತದೆ ಎನ್ನೋಣ. ಸಾಮರ್ಥ್ಯ 67.77 ವಾಟ್. ಕದಲಿಸಿ ನೋಡುವ ವಿಧಾನ ಇಳಿತವನ್ನು ಕಂಡು ಹಿಂದಿರುಗುತ್ತದೆ. ವಾಹಕತ್ವ ವಿಧಾನದಲ್ಲಿ ಪ್ರವಾಹದ ಬದಲಾವಣೆ -0.06, ವೋಲ್ಟೇಜಿನದು 0.2, ಭಾಗಿಸಿದರೆ -0.30. ಹೋಲಿಸಬೇಕಾದ ಸಂಖ್ಯೆ -0.23. ಮೊದಲನೆಯದು ಚಿಕ್ಕದು, ಆದ್ದರಿಂದ ಇದೂ ಹಿಂದಿರುಗುತ್ತದೆ. ಎರಡೂ ಸರಿ.

ಈಗ ಅದೇ ಹೆಜ್ಜೆಯ ಅವಧಿಯಲ್ಲಿ ಬೆಳಕು ಶೇ. 3ರಷ್ಟು ಏರಿತು ಎನ್ನಿ. ಪ್ರವಾಹ 3.94ರ ಬದಲು 4.06 ಆಂಪಿಯರ್, ಸಾಮರ್ಥ್ಯ 69.83 ವಾಟ್. ಕದಲಿಸಿ ನೋಡುವ ವಿಧಾನ ಏರಿಕೆಯನ್ನು ಕಂಡು ತಪ್ಪು ದಿಕ್ಕಿನಲ್ಲೇ ಮುಂದುವರಿಯುತ್ತದೆ. ವಾಹಕತ್ವ ವಿಧಾನ ಏನು ಮಾಡುತ್ತದೆ? ಪ್ರವಾಹದ ಬದಲಾವಣೆ ಈಗ +0.06; ಭಾಗಿಸಿದರೆ +0.30. ಹೋಲಿಕೆಯ ಸಂಖ್ಯೆ -0.24. ಮೊದಲನೆಯದು ದೊಡ್ಡದು. ನೆತ್ತಿಯ ಎಡಕ್ಕಿದ್ದೇವೆ, ವೋಲ್ಟೇಜು ಏರಿಸಬೇಕು ಎಂದು ಅದು ತೀರ್ಮಾನಿಸುತ್ತದೆ. ಅದೇ ತಪ್ಪು, ಅದೇ ದಿಕ್ಕು.

ಇದು ಆಕಸ್ಮಿಕವಲ್ಲ. ಹೊಸ ಸಾಮರ್ಥ್ಯದಿಂದ ಹಳೆಯದನ್ನು ಕಳೆದರೆ ಬರುವುದು ಎರಡು ಪದಗಳ ಮೊತ್ತ: ಹೊಸ ಪ್ರವಾಹವನ್ನು ವೋಲ್ಟೇಜಿನ ಬದಲಾವಣೆಯಿಂದ ಗುಣಿಸಿದ್ದು, ಹಳೆಯ ವೋಲ್ಟೇಜನ್ನು ಪ್ರವಾಹದ ಬದಲಾವಣೆಯಿಂದ ಗುಣಿಸಿದ್ದು. ಇದನ್ನು ವೋಲ್ಟೇಜಿನ ಬದಲಾವಣೆಯಿಂದ ಭಾಗಿಸಿ ನೋಡಿ. ವಾಹಕತ್ವ ವಿಧಾನ ಪರೀಕ್ಷಿಸುವ ರಾಶಿಯೇ ಬರುತ್ತದೆ, ಒಂದು ವ್ಯತ್ಯಾಸದೊಂದಿಗೆ: ಹಳೆಯ ವೋಲ್ಟೇಜಿನ ಜಾಗದಲ್ಲಿ ಅದು ಹೊಸ ವೋಲ್ಟೇಜನ್ನು ಬಳಸುತ್ತದೆ. ನಮ್ಮ ಉದಾಹರಣೆಯಲ್ಲಿ 17.0ರ ಬದಲು 17.2. ಎರಡು ವಿಧಾನಗಳ ನಡುವಣ ಅಂತರ ಇಷ್ಟೇ. ಹೆಜ್ಜೆ ಚಿಕ್ಕದಾದಷ್ಟೂ ಈ ಅಂತರ ಕರಗುತ್ತದೆ. ಎರಡಕ್ಕೂ ಸಿಗುವ ಮಾಹಿತಿ ಒಂದೇ: ಎರಡು ಗಳಿಗೆಗಳ ವೋಲ್ಟೇಜು ಮತ್ತು ಪ್ರವಾಹ. ಪ್ರವಾಹ ಬದಲಾದದ್ದು ನಾವಿಟ್ಟ ಹೆಜ್ಜೆಯಿಂದಲೋ ಸೂರ್ಯನಿಂದಲೋ ಎಂಬುದನ್ನು ಆ ನಾಲ್ಕು ಸಂಖ್ಯೆಗಳು ಹೇಳಲಾರವು. ಅವುಗಳನ್ನು ಹೇಗೆ ಕೂಡಿ ಕಳೆದರೂ ಹೇಳಲಾರವು.

ಶೂನ್ಯದ ಕವಲು

ಪ್ರಬಂಧಕ್ಕೆ ನ್ಯಾಯ ಸಲ್ಲಬೇಕಾದರೆ ಇನ್ನೊಂದು ಅಂಶವನ್ನು ಪರಿಶೀಲಿಸಬೇಕು. ವಾಹಕತ್ವ ವಿಧಾನದಲ್ಲಿ ಒಂದು ವಿಶೇಷ ಕವಲಿದೆ. ನಿಬಂಧನೆ ಈಡೇರಿದರೆ ನಿಯಂತ್ರಕ ವೋಲ್ಟೇಜನ್ನು ಕದಲಿಸುವುದಿಲ್ಲ. ಮುಂದಿನ ಅಳತೆಯಲ್ಲಿ ವೋಲ್ಟೇಜಿನ ಬದಲಾವಣೆ ಶೂನ್ಯವಾಗಿದ್ದು ಪ್ರವಾಹ ಮಾತ್ರ ಬದಲಾಗಿದ್ದರೆ, ಅದು ಬೆಳಕಿನಿಂದಲೇ ಆದದ್ದು ಎಂದು ನಿಶ್ಚಯವಾಗಿ ಹೇಳಬಹುದು. ಪ್ರವಾಹ ಏರಿದ್ದರೆ ವೋಲ್ಟೇಜನ್ನು ಒಂದು ಹೆಜ್ಜೆ ಏರಿಸು, ಇಳಿದಿದ್ದರೆ ಇಳಿಸು ಎಂಬುದು ನಿಯಮ. ಈ ವಿಧಾನಕ್ಕೆ ಹವೆಯ ಬದಲಾವಣೆ ಕಾಣುವ ಕಣ್ಣು ಎಂದಿದ್ದರೆ ಅದು ಈ ಕವಲೇ.

ಆಲೋಚನೆ ಒಳ್ಳೆಯದು. ಆದರೆ ಈ ಕಣ್ಣು ಒಂದು ಗಳಿಗೆ ಮಾತ್ರ ತೆರೆದಿರುತ್ತದೆ. ಬೆಳಕು ಏರತೊಡಗಿತು, ನಿಯಂತ್ರಕ ಅದನ್ನು ಗುರುತಿಸಿ ವೋಲ್ಟೇಜನ್ನು ಒಂದು ಹೆಜ್ಜೆ ಏರಿಸಿತು. ಮುಂದಿನ ಅಳತೆಯಲ್ಲಿ ವೋಲ್ಟೇಜಿನ ಬದಲಾವಣೆ ಶೂನ್ಯವಲ್ಲ. ಬೆಳಕು ಇನ್ನೂ ಏರುತ್ತಲೇ ಇದೆ. ಈಗ ನಾವು ಮೇಲೆ ಮಾಡಿದ ಲೆಕ್ಕವೇ ಅನ್ವಯಿಸುತ್ತದೆ. ವೋಲ್ಟೇಜು ಏರಿದೆ, ಪ್ರವಾಹವೂ ಏರಿದೆ, ಆದ್ದರಿಂದ ಇನ್ನೂ ಏರಿಸು ಎಂಬ ತೀರ್ಮಾನ. ಅದರ ಮುಂದಿನ ಅಳತೆಯಲ್ಲೂ ಅದೇ. ಸೂರ್ಯ ಪೂರ್ತಿ ಹೊರಬರುವವರೆಗೆ ನಿಯಂತ್ರಕ ನೆತ್ತಿಯನ್ನು ದಾಟಿ ಬಲಕ್ಕೆ ನಡೆಯುತ್ತಲೇ ಇರುತ್ತದೆ. ಜೊತೆಗೆ, ನಿಜವಾದ ಉಪಕರಣಗಳಲ್ಲಿ ಅಳತೆಯ ಗದ್ದಲ ಇದ್ದೇ ಇರುವುದರಿಂದ ಬದಲಾವಣೆ ಕರಾರುವಾಕ್ಕಾಗಿ ಶೂನ್ಯವಾಗುವುದು ಅಪರೂಪ. ಇಷ್ಟಕ್ಕಿಂತ ಕಡಿಮೆಯಾದರೆ ಶೂನ್ಯವೆಂದು ತಿಳಿ ಎಂದು ಒಂದು ಮಿತಿ ಹಾಕಬೇಕಾಗುತ್ತದೆ. ಅಂಥ ಮಿತಿಯನ್ನು ಕದಲಿಸಿ ನೋಡುವ ವಿಧಾನಕ್ಕೂ ಹಾಕಬಹುದು.

ಇದೇ ಲೆಕ್ಕವನ್ನು ಬೆಳಕು ಇಳಿಯುವಾಗಲೂ ಮಾಡಿ ನೋಡಿ. ಪ್ರತಿ ಹೆಜ್ಜೆಗೂ ಸಾಮರ್ಥ್ಯ ಇಳಿಯುವುದರಿಂದ ನಿಯಂತ್ರಕ ಪ್ರತಿ ಸಲವೂ ದಿಕ್ಕು ಬದಲಿಸುತ್ತದೆ. ಒಂದು ಹೆಜ್ಜೆ ಅತ್ತ, ಒಂದು ಹೆಜ್ಜೆ ಇತ್ತ ಎಂದು ಇದ್ದಲ್ಲೇ ಓಲಾಡುತ್ತದೆ. ನೆತ್ತಿ ಅಷ್ಟಾಗಿ ಸರಿಯದ ಕಾರಣ ನಷ್ಟ ಅಲ್ಪ. ಹಾಗಾಗಿ ಅಪಾಯ ಇರುವುದು ಮೋಡ ಮುಚ್ಚುವಾಗಲ್ಲ, ಮೋಡ ಸರಿಯುವಾಗ. ಆಗ ಮೀಟರಿನಲ್ಲಿ ವಾಟ್‌ಗಳು ಏರುತ್ತಲೇ ಇರುವುದರಿಂದ ಇನ್ನೂ ಹೆಚ್ಚು ಏರಬೇಕಿತ್ತು ಎಂಬುದು ನೋಡುವವರ ಗಮನಕ್ಕೇ ಬರುವುದಿಲ್ಲ.

ಅನಂತರದ ಪರೀಕ್ಷೆಗಳು

ಈ ಮಾತು ಹಾಳೆಯ ಮೇಲಿನ ಲೆಕ್ಕಕ್ಕೆ ಸೀಮಿತವಲ್ಲ. ಡೆನ್ಮಾರ್ಕಿನ ಆಲ್‌ಬೋರ್ಗ್ ವಿಶ್ವವಿದ್ಯಾಲಯದ ಸೆರಾ ಮತ್ತು ಸಂಗಡಿಗರು 2013ರಲ್ಲಿ ಎರಡೂ ವಿಧಾನಗಳನ್ನು ಗಣಿತದ ಮೂಲಕವೂ ಪ್ರಯೋಗದ ಮೂಲಕವೂ ಹೋಲಿಸಿದರು. ಗಣಿತದಲ್ಲಿ ಎರಡಕ್ಕೂ ವ್ಯತ್ಯಾಸವಿಲ್ಲ ಎಂದು ತೋರಿಸಿದರು. ಪ್ರಯೋಗಕ್ಕೆ ಅವರು ಬಳಸಿದ್ದು 2010ರ ಇಎನ್ 50530 ಎಂಬ ಯೂರೋಪಿನ ಮಾನಕ. ಬೆಳಕನ್ನು ನಿಗದಿತ ವೇಗಗಳಲ್ಲಿ ಏರಿಸಿ ಇಳಿಸಿ ಪರೀಕ್ಷಿಸುವ ಕ್ರಮ ಅದರಲ್ಲಿದೆ. ಅತಿ ವೇಗದ ಪರೀಕ್ಷೆಯಲ್ಲಿ ಬೆಳಕು ಸೆಕೆಂಡಿಗೆ, ಚದರ ಮೀಟರಿಗೆ 100 ವಾಟ್‌ನಷ್ಟು ಬದಲಾಗುತ್ತದೆ. ಫಲಿತಾಂಶ: ಸ್ಥಿರ ಬೆಳಕಿನಲ್ಲಿ ಎರಡು ವಿಧಾನಗಳ ದಕ್ಷತೆಯಲ್ಲಿ ಕಂಡ ಅಂತರ ಶೇ. 0.02, ಬದಲಾಗುವ ಬೆಳಕಿನಲ್ಲಿ ಶೇ. 0.13. ಸಾಹಿತ್ಯದಲ್ಲಿ ರೂಢಿಯಲ್ಲಿರುವ ಅಭಿಪ್ರಾಯ ಏನೇ ಇರಲಿ, ಎರಡೂ ಸಮಾನ ಎಂಬುದು ಅವರ ತೀರ್ಮಾನ.

ಹಾಗಿದ್ದರೆ ಅನೇಕ ವರದಿಗಳಲ್ಲಿ ವಾಹಕತ್ವ ವಿಧಾನ ಗೆದ್ದದ್ದು ಹೇಗೆ? ಎರಡು ಸಮಾನ ವಿಧಾನಗಳು ಬೇರೆ ಬೇರೆ ಫಲ ಕೊಟ್ಟರೆ, ವ್ಯತ್ಯಾಸವನ್ನು ಅವುಗಳ ಹೊರಗೆ ಹುಡುಕಬೇಕು. ಹೆಜ್ಜೆಯ ಗಾತ್ರ ಒಂದೇ ಇತ್ತೇ? ಎರಡು ಹೆಜ್ಜೆಗಳ ನಡುವಣ ಕಾಲ ಒಂದೇ ಇತ್ತೇ? ಶೂನ್ಯದ ಮಿತಿಯನ್ನು ಎರಡಕ್ಕೂ ಹಾಕಲಾಗಿತ್ತೇ? ಇವುಗಳಲ್ಲಿ ಒಂದು ಬೇರೆಯಾದರೂ ಹೋಲಿಕೆ ಕೆಟ್ಟಂತೆ.

ವಿದ್ಯಾರ್ಥಿಗಳ ವರದಿಗಳಲ್ಲಿ ಸಾಮಾನ್ಯವಾದ ಇನ್ನೊಂದು ದೋಷವನ್ನೂ ಹೇಳಬೇಕು. ಗಣಕದ ಅನುಕರಣೆಯಲ್ಲಿ ಬೆಳಕನ್ನು 1000 ವಾಟ್‌ನಿಂದ 500ಕ್ಕೆ ಒಮ್ಮೆಲೇ ಇಳಿಸಿ, ಮತ್ತೆ ಒಮ್ಮೆಲೇ ಏರಿಸಿ, ಇದೇ 'ಬದಲಾಗುವ ಹವೆ' ಎನ್ನುತ್ತಾರೆ. ಮೆಟ್ಟಿಲಿನಂಥ ಈ ಬದಲಾವಣೆಯಲ್ಲಿ ನಿಯಂತ್ರಕ ಮೋಸಹೋಗುವುದು ಒಂದೇ ಒಂದು ಹೆಜ್ಜೆಯಲ್ಲಿ. ಅನಂತರ ಬೆಳಕು ಸ್ಥಿರ. ನಿಜವಾದ ತೊಂದರೆ ಇರುವುದು ಬೆಳಕು ಅನೇಕ ಹೆಜ್ಜೆಗಳ ಕಾಲ ಒಂದೇ ಸಮನೆ ಏರುವಾಗ, ಇಳಿಜಾರಿನಂಥ ಬದಲಾವಣೆಯಲ್ಲಿ. ಕಠಿಣವಾಗಿ ಕಾಣುವ ಪರೀಕ್ಷೆ ಇಲ್ಲಿ ವಾಸ್ತವವಾಗಿ ಸುಲಭದ ಪರೀಕ್ಷೆ.

ಪರಿಹಾರ ಎಲ್ಲಿದೆ?

ನಾಲ್ಕು ಸಂಖ್ಯೆಗಳಲ್ಲಿ ಇಲ್ಲದ ಮಾಹಿತಿಯನ್ನು ಸೂತ್ರ ಬದಲಿಸಿ ಪಡೆಯಲಾಗದು. ಹಾಗಾಗಿ ಉಳಿದಿರುವ ದಾರಿಗಳು ಎರಡು.

ಮೊದಲನೆಯದು, ನಮ್ಮ ಹೆಜ್ಜೆಯ ಪರಿಣಾಮ ಬೆಳಕಿನ ಪರಿಣಾಮಕ್ಕಿಂತ ದೊಡ್ಡದಾಗುವಂತೆ ನೋಡಿಕೊಳ್ಳುವುದು. ನಮ್ಮ ಉದಾಹರಣೆಯ ಶೇ. 3ರ ಏರಿಕೆ, 800 ವಾಟ್ ಬೆಳಕಿನಲ್ಲಿ ಮಾನಕದ ಅತಿ ವೇಗದ ಪ್ರಕಾರ, ಸುಮಾರು ಕಾಲು ಸೆಕೆಂಡಿನಲ್ಲಿ ಆಗುವಂಥದು. ನಿಯಂತ್ರಕ ಸೆಕೆಂಡಿಗೆ ನಾಲ್ಕು ಸಲದ ಬದಲು ನೂರು ಸಲ ತೀರ್ಮಾನ ಮಾಡಿದರೆ, ಪ್ರತಿ ಹೆಜ್ಜೆಯ ಅವಧಿಯಲ್ಲಿ ಬೆಳಕು ಬದಲಾಗುವುದು ಶೇ. 0.12ರಷ್ಟು ಮಾತ್ರ. ಆಗ ಹೆಜ್ಜೆಯ ಪರಿಣಾಮವೇ ಮೇಲುಗೈ ಪಡೆಯುತ್ತದೆ. ಆದರೆ ಎಷ್ಟು ಬೇಕಾದರೂ ಅವಸರ ಮಾಡುವಂತಿಲ್ಲ. ಪರಿವರ್ತಕ ಒಂದು ಹೆಜ್ಜೆಯಿಂದ ಸುಧಾರಿಸಿಕೊಂಡು ಸ್ಥಿರವಾಗುವವರೆಗೆ ಕಾಯಲೇಬೇಕು. ಹೆಜ್ಜೆಯನ್ನು ದೊಡ್ಡದು ಮಾಡಿದರೆ ಸ್ಥಿರ ಬೆಳಕಿನಲ್ಲಿ ಓಲಾಟ ಹೆಚ್ಚುತ್ತದೆ. ಇಟಲಿಯ ಫೆಮಿಯಾ ಮತ್ತು ಸಂಗಡಿಗರು 2005ರಲ್ಲಿ ಈ ಕಾಲ ಮತ್ತು ಗಾತ್ರಗಳನ್ನು ಪರಿವರ್ತಕದ ಗುಣಕ್ಕೂ ಬೆಳಕಿನ ವೇಗಕ್ಕೂ ತಕ್ಕಂತೆ ಆರಿಸುವುದು ಹೇಗೆಂದು ತೋರಿಸಿದರು. ಹೀಗೆ ಆರಿಸಿದರೆ ಸರಳ ವಿಧಾನವೇ ಮೋಡಕ್ಕೂ ತಕ್ಕುದಾಗುತ್ತದೆ.

ಎರಡನೆಯದು, ಇನ್ನೊಂದು ಅಳತೆಯನ್ನು ಸೇರಿಸುವುದು. ಸೆರಾ ಮತ್ತು ಇತರರು 2008ರಲ್ಲಿ ಸೂಚಿಸಿದ ಕ್ರಮ ಇದು. ಹೆಜ್ಜೆ ಇಟ್ಟು ಸಾಮರ್ಥ್ಯ ಅಳೆಯಿರಿ. ಅನಂತರ ವೋಲ್ಟೇಜನ್ನು ಕದಲಿಸದೆ ಅಷ್ಟೇ ಕಾಲ ಕಾದು ಮತ್ತೆ ಅಳೆಯಿರಿ. ಎರಡನೆಯ ಅವಧಿಯ ಬದಲಾವಣೆ ಪೂರ್ತಿ ಬೆಳಕಿನದು. ನಮ್ಮ ಸಂಖ್ಯೆಗಳಲ್ಲೇ ನೋಡಿ. ಮೊದಲ ಅವಧಿಯಲ್ಲಿ 68.00ರಿಂದ 69.83 ವಾಟ್, ಏರಿಕೆ 1.83. ಎರಡನೆಯ ಅವಧಿಯಲ್ಲಿ ಬೆಳಕು ಅದೇ ವೇಗದಲ್ಲಿ ಏರಿ ಪ್ರವಾಹ 4.18 ಆಂಪಿಯರ್ ಆಗುತ್ತದೆ, ಸಾಮರ್ಥ್ಯ 71.90 ವಾಟ್, ಏರಿಕೆ 2.07. ಮೊದಲನೆಯದರಿಂದ ಎರಡನೆಯದನ್ನು ಕಳೆದರೆ -0.24 ವಾಟ್. ಹೆಜ್ಜೆಯಿಂದ ನಷ್ಟವೇ ಆಗಿದೆ ಎಂದು ಈಗ ಗೊತ್ತಾಯಿತು. ಬೆಳಕು ಸ್ಥಿರವಾಗಿದ್ದಾಗ ನಾವು ಕಂಡ ನಷ್ಟ 0.23 ವಾಟ್ ಎಂಬುದನ್ನು ನೆನಪಿಸಿಕೊಳ್ಳಿ. ಎರಡೂ ಅವಧಿಗಳಲ್ಲಿ ಬೆಳಕಿನ ವೇಗ ಒಂದೇ ಇರಬೇಕು ಎಂಬ ಷರತ್ತು ಇದಕ್ಕಿದೆ. ಆದರೆ ಹೊಸ ಮಾಹಿತಿ ತರುವುದು ಇಂಥ ಮೂರನೆಯ ಅಳತೆಯೇ ಹೊರತು ವಾಹಕತ್ವದ ಸೂತ್ರವಲ್ಲ.

ಪ್ರಬಂಧದ ಬೆಲೆ

ಇಷ್ಟೆಲ್ಲ ಹೇಳಿದ ಮೇಲೂ 1995ರ ಪ್ರಬಂಧವನ್ನು ತಳ್ಳಿಹಾಕಬೇಕೆಂದು ಅರ್ಥವಲ್ಲ. ಅದು ಎತ್ತಿದ ಪ್ರಶ್ನೆ ಸರಿಯಾದದ್ದು. ನೆತ್ತಿಯ ನಿಬಂಧನೆಯನ್ನು ಅದು ಸ್ಪಷ್ಟವಾಗಿ ಮುಂದಿಟ್ಟಿತು. ಹೊರೆಗೆ ಸಂದ ಒಟ್ಟು ಶಕ್ತಿಯನ್ನು ಅಳತೆಗೋಲಾಗಿ ಹಿಡಿಯಿತು; ಇದು ಗಳಿಗೆಯ ದಕ್ಷತೆಯನ್ನು ಮಾತ್ರ ಹೇಳುವ ಅನೇಕ ಬರಹಗಳಿಗಿಂತ ಪ್ರಾಮಾಣಿಕ. ಅನುಕರಣೆಯ ಜೊತೆಗೆ ಪ್ರಯೋಗವನ್ನೂ ಮಾಡಿತು. ಅದರ ಕೊರತೆ ಒಂದೇ: ದೋಷವನ್ನು ಸರಿಯಾಗಿ ಗುರುತಿಸಿ, ಅದೇ ದೋಷವನ್ನು ಬೇರೆ ಸೂತ್ರದಲ್ಲಿ ಉಳಿಸಿಕೊಂಡಿತು. ಹೆಚ್ಚಿನ ಹೊಣೆ ಅದನ್ನು ಲೆಕ್ಕ ಮಾಡಿ ನೋಡದೆ ಉಲ್ಲೇಖಿಸುತ್ತ ಬಂದವರದು. 2007ರಲ್ಲಿ ಎಸ್ರಾಮ್ ಮತ್ತು ಚಾಪ್ಮನ್ ಎಣಿಸಿದಾಗಲೇ ಗರಿಷ್ಠ ಬಿಂದು ಹುಡುಕುವ ಕನಿಷ್ಠ 19 ಬೇರೆ ಬೇರೆ ವಿಧಾನಗಳಿದ್ದವು. ಹೊಸ ವಿಧಾನಕ್ಕೆ ಹೆಸರಿಡುವುದಕ್ಕೆ ಸಿಕ್ಕಷ್ಟು ಗಮನ, ಹಳೆಯದನ್ನು ಸರಿಯಾಗಿ ಹೊಂದಿಸಿ ಹೋಲಿಸುವುದಕ್ಕೆ ಸಿಕ್ಕಿಲ್ಲ.

ಒಂದೆರಡು ಶೇಕಡಾ ಅಂಶದ ಬಗ್ಗೆ ಇಷ್ಟೊಂದು ಚರ್ಚೆ ಬೇಕೇ ಎಂದು ಕೇಳಬಹುದು. ತುಮಕೂರು ಜಿಲ್ಲೆಯ ಪಾವಗಡದ ಸೌರ ಉದ್ಯಾನದ ಸಾಮರ್ಥ್ಯ 2,050 ಮೆಗಾವಾಟ್. ಅದರ ಶೇ. 1 ಎಂದರೆ 20 ಮೆಗಾವಾಟಿಗೂ ಹೆಚ್ಚು. ಶೇಕಡಾ ಒಂದು ನಿಜವಾಗಿ ಸಿಗುವುದಾದರೆ ಅದಕ್ಕೆ ಹಣ ತೆರುವುದು ಸರಿ. ಅದು ಶೇ. 0.13ರ ಸುತ್ತಲಿನ ಅಳತೆಯ ಏರುಪೇರು ಮಾತ್ರವಾಗಿದ್ದರೆ ಹಣವೂ ಶ್ರಮವೂ ಬೇರೆಡೆಗೆ, ಫಲಕದ ಧೂಳು ತೆಗೆಯುವುದಕ್ಕೋ ನೆರಳು ತಪ್ಪಿಸುವುದಕ್ಕೋ ಹೋಗಬೇಕು. ಒಂದು ಫಲಕದ ಮೇಲೆ ಕಂಬದ ನೆರಳು ಬಿದ್ದು ಗುಡ್ಡಕ್ಕೆ ಎರಡು ನೆತ್ತಿಗಳಾದರೆ, ಇಲ್ಲಿ ಚರ್ಚಿಸಿದ ಎರಡೂ ವಿಧಾನಗಳು ಚಿಕ್ಕ ನೆತ್ತಿಯಲ್ಲೇ ನಿಂತುಬಿಡಬಹುದು. ಆ ನಷ್ಟದ ಮುಂದೆ ಇವುಗಳ ನಡುವಣ ಅಂತರ ಲೆಕ್ಕಕ್ಕೇ ಬರುವುದಿಲ್ಲ.

ಶಾಲಾ ಕಾಲೇಜುಗಳ ಅಧ್ಯಾಪಕರು ಇದನ್ನು ಪರೀಕ್ಷಿಸುವುದು ಕಷ್ಟವಲ್ಲ. ಒಂದೇ ಬಗೆಯ ಎರಡು ಚಿಕ್ಕ ಫಲಕಗಳನ್ನು ಒಂದೇ ಕೋನದಲ್ಲಿ ಅಕ್ಕಪಕ್ಕ ಇಡಿ. ಒಂದೇ ಬಗೆಯ ಎರಡು ಪರಿವರ್ತಕಗಳಿಗೆ ಎರಡು ವಿಧಾನಗಳನ್ನು ತುಂಬಿ, ಹೆಜ್ಜೆಯ ಗಾತ್ರವನ್ನೂ ಕಾಲವನ್ನೂ ಒಂದೇ ಇಡಿ. ಮುಂಗಾರಿನ ಬಿಡಿ ಮೋಡಗಳ ದಿನವೊಂದರಲ್ಲಿ ಬೆಳಗಿನಿಂದ ಸಂಜೆಯವರೆಗಿನ ಒಟ್ಟು ವಾಟ್-ಗಂಟೆಗಳನ್ನು ಅಳೆಯಿರಿ. ಮರುದಿನ ಪರಿವರ್ತಕಗಳನ್ನು ಅದಲುಬದಲು ಮಾಡಿ ಮತ್ತೆ ಅಳೆಯಿರಿ. ಅದಲುಬದಲು ಮಾಡಿದಾಗ ಗೆಲುವೂ ಫಲಕದ ಜೊತೆಗೇ ಉಳಿದರೆ, ಗೆದ್ದದ್ದು ಫಲಕವೇ ಹೊರತು ವಿಧಾನವಲ್ಲ ಎಂದು ವಿದ್ಯಾರ್ಥಿಗಳಿಗೆ ತಾನಾಗಿಯೇ ತಿಳಿಯುತ್ತದೆ.